ಮಕ್ಕಳ ರಕ್ತವೂ ನಾನಾ ಸಕ್ಕರೆಗಳೂ



ಸಂಕ್ರಾಂತಿಯ ಸಂಜೆ ಬೆಂಗಳೂರಿನ ಪಶ್ಚಿಮದ ಬಡಾವಣೆಗಳಲ್ಲಿ, ಎಂದರೆ ರಾಜಾಜಿನಗರ, ವಿಜಯನಗರ, ಬಸವೇಶ್ವರನಗರ ಮೊದಲಾದೆಡೆಗಳಲ್ಲಿ, ಲಂಗ ತೊಟ್ಟ ಹೆಣ್ಣುಮಕ್ಕಳು ಎಳ್ಳು ಬೀರುವುದಕ್ಕಾಗಿ ಮನೆಯಿಂದ ಮನೆಗೆ ಹೋಗುವುದನ್ನು ತಾವೆಲ್ಲರೂ ಕಂಡಿದ್ದೀರಿ. ಅವರ ಕೈಯ ತಟ್ಟೆಯನ್ನು ಒಮ್ಮೆ ಶಾಸ್ತ್ರದೃಷ್ಟಿಯಿಂದ ನೋಡುವುದಾದರೆ ಅದೊಂದು ಸಕ್ಕರೆಯ ಪ್ರದರ್ಶನವೇ ಸರಿ. ಎಳ್ಳು, ಕಡಲೆಕಾಯಿ ಬೀಜ, ಹುರಿಗಡಲೆ, ಕೊಬ್ಬರಿಗಳ ಜೊತೆಯಲ್ಲಿ ಬೆಲ್ಲದ ಚೂರು. ಅದರ ಪಕ್ಕದಲ್ಲಿ ಬಿಳಿಯ ಸಕ್ಕರೆ ಅಚ್ಚು. ಒಂದು ತುಂಡು ಕಬ್ಬು. ಒಂದು ಬಾಳೆಯ ಹಣ್ಣು. ತಟ್ಟೆಯನ್ನು ತೆಗೆದುಕೊಂಡ ಮನೆಯಾಕೆ ಸಕ್ಕರೆ ಅಚ್ಚನ್ನು ಬೇರೆಯಾಗಿ ಎತ್ತಿಟ್ಟು, "ಸಕ್ಕರೆ ಬೇಡ, ಮಕ್ಕಳು ಬೆಲ್ಲ ತಿನ್ನಲಿ, ಬೆಲ್ಲ ಒಳ್ಳೆಯದು" ಎಂದು ಹೇಳುವುದು ಈಚೆಗೆ ವಾಡಿಕೆಯಾಗಿದೆ. ಈ ಮಾತು ಎಷ್ಟರ ಮಟ್ಟಿಗೆ ನಿಜ? ಬಗೆಬಗೆಯ ಸಕ್ಕರೆಗಳು ಮಗುವಿನ ಹೊಟ್ಟೆಯೊಳಗೆ ಹೋದ ಮೇಲೆ ಏನಾಗುವುವು? ಈ ವಿಚಾರವಾಗಿ ಈ ಹೊತ್ತು ನಾವು ನಾಲ್ಕು ಮಾತುಗಳನ್ನು ಆಡಬೇಕೆಂದಿದ್ದೇವೆ.

ಇದು ಕೇವಲ ಕುತೂಹಲದ ಪ್ರಶ್ನೆಯಲ್ಲ. ೨೦೧೬ರಿಂದ ೨೦೧೮ರವರೆಗೆ ಭಾರತ ಸರ್ಕಾರದವರು ನಡೆಸಿದ ಸಮಗ್ರ ರಾಷ್ಟ್ರೀಯ ಪೌಷ್ಟಿಕಾಂಶ ಸಮೀಕ್ಷೆಯಲ್ಲಿ, ೫ರಿಂದ ೧೯ ವರ್ಷದ ವಯಸ್ಸಿನವರಲ್ಲಿ ಹೆಚ್ಚು ಕಡಿಮೆ ಹತ್ತರಲ್ಲೊಬ್ಬರು ಮಧುಮೇಹದ ಹೊಸ್ತಿಲಲ್ಲಿ ನಿಂತಿರುವುದು ಕಂಡುಬಂದಿತು. ಹಿಂದೆ ಮಧುಮೇಹವೆಂದರೆ ಐವತ್ತು ದಾಟಿದವರ, ಕುರ್ಚಿಯ ಮೇಲೆ ಕುಳಿತು ಕೆಲಸ ಮಾಡುವವರ ರೋಗವೆಂದು ಭಾವಿಸಿದ್ದೆವು. ಈಗ ಶಾಲೆಯ ಚೀಲ ಹೊತ್ತವರ ವಿಷಯದಲ್ಲಿಯೂ ಆ ಮಾತನ್ನೆತ್ತಬೇಕಾಗಿದೆ.

ಮೊದಲು ಬೆಲ್ಲದ ಮಾತು. ಮಂಡ್ಯದ ಸೀಮೆಯಲ್ಲಿ ಬೆಳೆದ ಕಬ್ಬು ಎರಡು ದಾರಿ ಹಿಡಿಯುವುದು. ಆಲೆಮನೆಗೆ ಹೋದರೆ ಅದರ ಹಾಲು ಕೊಪ್ಪರಿಗೆಯಲ್ಲಿ ಕುದಿದು, ಗಟ್ಟಿಯಾಗಿ, ಅಚ್ಚು ಬೆಲ್ಲವೋ ಉಂಡೆ ಬೆಲ್ಲವೋ ಆಗಿ, ಮೈಸೂರು ರಸ್ತೆಯಲ್ಲಿ ಕೆಂಗೇರಿಯನ್ನು ಹಾಯ್ದು ನಮ್ಮ ಪೇಟೆಗಳಿಗೆ ಬರುವುದು. ಕಾರ್ಖಾನೆಗೆ ಹೋದರೆ ಹರಳು ಬೇರೆ, ಕಾಕಂಬಿ ಬೇರೆಯಾಗಿ, ಹರಳು ಬಿಳಿಯ ಸಕ್ಕರೆಯಾಗುವುದು. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪೆನಿಯ ಕಾರ್ಖಾನೆ ೧೯೩೩ರಲ್ಲಿ ಸ್ಥಾಪಿತವಾದಂದಿನಿಂದ ಈ ಎರಡು ದಾರಿಗಳೂ ಅಕ್ಕಪಕ್ಕದಲ್ಲಿಯೇ ಇವೆ. ಒಂದೇ ಗದ್ದೆಯ ಕಬ್ಬು. ಒಡಹುಟ್ಟಿದವರಲ್ಲಿ ಒಬ್ಬನು ಪಂಚೆಯುಟ್ಟನು, ಇನ್ನೊಬ್ಬನು ಷರಾಯಿ ತೊಟ್ಟನು, ಅಷ್ಟೇ ವ್ಯತ್ಯಾಸ. ಬಿಳಿಯ ಸಕ್ಕರೆ ಹೆಚ್ಚು ಕಡಿಮೆ ಪೂರ್ತಿಯಾಗಿ ಕಬ್ಬಿನ ಸಕ್ಕರೆ, ಎಂದರೆ ಸುಕ್ರೋಸು. ಬೆಲ್ಲದಲ್ಲಿ ನೂರಕ್ಕೆ ಎಪ್ಪತ್ತರಿಂದ ಎಂಬತ್ತೈದು ಪಾಲು ಅದೇ ಸುಕ್ರೋಸು. ಉಳಿದುದರಲ್ಲಿ ಬಹುಭಾಗ ಆ ಸುಕ್ರೋಸೇ ಒಡೆದು ಆದ ಸಕ್ಕರೆಗಳು, ಸ್ವಲ್ಪ ನೀರು, ಸ್ವಲ್ಪ ಲವಣಗಳು.

"ಬೆಲ್ಲದಲ್ಲಿ ಕಬ್ಬಿಣವಿದೆಯಲ್ಲಾ" ಎಂದು ಕೇಳುವವರುಂಟು. ಇದೆ. ಆದರೆ ಹತ್ತು ಗ್ರಾಂ ಬೆಲ್ಲದಲ್ಲಿರುವ ಕಬ್ಬಿಣ ಹೆಚ್ಚೆಂದರೆ ಒಂದು ಮಿಲಿಗ್ರಾಮಿನ ಆಸುಪಾಸು. ಏಳೆಂಟು ವರ್ಷದ ಮಗುವಿಗೆ ದಿನಕ್ಕೆ ೧೫ ಮಿಲಿಗ್ರಾಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನವರು ೨೦೨೦ರಲ್ಲಿ ಹೇಳಿದ್ದಾರೆ. ಆ ಲೆಕ್ಕದಲ್ಲಿ ಬೆಲ್ಲದಿಂದಲೇ ಕಬ್ಬಿಣವನ್ನು ಪೂರೈಸಹೊರಟರೆ ದಿನವೊಂದಕ್ಕೆ ನೂರೈವತ್ತು ಗ್ರಾಂ ತಿನ್ನಿಸಬೇಕಾಗುವುದು! ಕಬ್ಬಿಣಕ್ಕೆ ಸೊಪ್ಪು, ಕಾಳು, ಮಾಂಸಗಳಿವೆ. ಬೆಲ್ಲದ ಪರಿಮಳ, ರುಚಿ ಬೇರೆಯೆಂಬುದನ್ನು ನಾವು ಒಪ್ಪುತ್ತೇವೆ. ಒಬ್ಬಟ್ಟಿಗೆ ಬೆಲ್ಲವೇ ಸರಿಯೆಂಬ ಪಕ್ಷ ನಮ್ಮದು. ಅದು ರುಚಿಯ ವಿಚಾರ, ರಕ್ತದ ವಿಚಾರವಲ್ಲ.

ಹಾಗಾದರೆ ರಕ್ತದ ಮಟ್ಟಿಗೆ ಮುಖ್ಯವಾದುದು ಯಾವುದು? ಇದನ್ನು ತಿಳಿಯಬೇಕಾದರೆ ಸಕ್ಕರೆಗಳ ವಂಶಾವಳಿಯನ್ನು ಸ್ವಲ್ಪ ಅರಿತಿರಬೇಕು. ಸಕ್ಕರೆಗಳಲ್ಲಿ ಒಡೆಯಲಾರದ ಮೂಲಪುರುಷರು ಮೂವರು: ದ್ರಾಕ್ಷಾಶರ್ಕರವೆಂದು ಹಿಂದಿನವರು ಕರೆದ ಗ್ಲೂಕೋಸು, ಫಲಶರ್ಕರ ಅಥವಾ ಫ್ರಕ್ಟೋಸು, ಹಾಲಿನಿಂದ ಬರುವ ಗ್ಯಾಲಾಕ್ಟೋಸು. ಮಿಕ್ಕವು ಇವರ ಜೋಡಿಗಳು. ಒಂದು ಗ್ಲೂಕೋಸಿಗೆ ಒಂದು ಫ್ರಕ್ಟೋಸು ಸೇರಿದರೆ ಕಬ್ಬಿನ ಸಕ್ಕರೆ. ಒಂದು ಗ್ಲೂಕೋಸಿಗೆ ಒಂದು ಗ್ಯಾಲಾಕ್ಟೋಸು ಸೇರಿದರೆ ಹಾಲಿನ ಸಕ್ಕರೆ. ಎರಡು ಗ್ಲೂಕೋಸು ಸೇರಿದರೆ ಮಾಲ್ಟೋಸು. ಮೊಳಕೆ ಕಟ್ಟಿಸಿದ ರಾಗಿಯ ಹಿಟ್ಟಿನಲ್ಲಿ ಗಂಜಿ ಕಾಯಿಸಿದರೆ ಅದು ತಾನಾಗಿಯೇ ತೆಳ್ಳಗಾಗಿ ಸಣ್ಣಗೆ ಸಿಹಿಯೇರುವುದು ಈ ಮಾಲ್ಟೋಸಿನಿಂದ. ನೂರಾರು ಸಾವಿರಾರು ಗ್ಲೂಕೋಸುಗಳು ಸರಪಣಿಯಂತೆ ಹೆಣೆದುಕೊಂಡರೆ ಅದೇ ಪಿಷ್ಟ: ನಮ್ಮ ಅನ್ನ, ಮುದ್ದೆ, ಇಡ್ಲಿ. ಜೇನುತುಪ್ಪವೋ, ಗ್ಲೂಕೋಸು ಫ್ರಕ್ಟೋಸುಗಳು ಜೋಡಿ ಬಿಟ್ಟು ಬಿಡಿಬಿಡಿಯಾಗಿ ನೀರಿನಲ್ಲಿ ನಿಂತಿರುವ ಪಾಕ. ಅದರಲ್ಲಿ ಫ್ರಕ್ಟೋಸಿನ ಪಾಲು ತುಸು ಹೆಚ್ಚು.

ಸಣ್ಣ ಕರುಳಿನ ಒಳಗೋಡೆಯಲ್ಲಿ ಈ ಜೋಡಿಗಳೆಲ್ಲವೂ ಕಿಣ್ವಗಳಿಂದ ಸೀಳಿಹೋಗುವುವು. ಅಲ್ಲಿಂದ ಒಳಕ್ಕೆ ಹೋಗುವವರು ಆ ಮೂವರು ಮೂಲಪುರುಷರೇ. ಸಕ್ಕರೆ ಬೆಲ್ಲದಿಂದ ಬಂದಿತೋ ಅಚ್ಚಿನಿಂದ ಬಂದಿತೋ ಎಂದು ಕರುಳು ವಿಚಾರಿಸುವುದಿಲ್ಲ. ಬಂದವರಲ್ಲಿ ಗ್ಲೂಕೋಸೆಷ್ಟು, ಫ್ರಕ್ಟೋಸೆಷ್ಟು, ಎಷ್ಟು ಬೇಗ ಬಂದರು, ಯಾರ ಜೊತೆಯಲ್ಲಿ ಬಂದರು, ಇಷ್ಟೇ ಅದರ ಲೆಕ್ಕ.

ಇನ್ನು ಮಗುವಿನ ರಕ್ತದಲ್ಲಿ ಎಷ್ಟು ಸಕ್ಕರೆಯಿದೆಯೆಂದು ತಾವು ಊಹಿಸುತ್ತೀರಿ? ಇಪ್ಪತ್ತು ಕಿಲೋ ತೂಕದ, ಒಂದನೆಯ ತರಗತಿಯ ಮಗುವಿನ ಮೈಯಲ್ಲಿ ಸುಮಾರು ಒಂದೂವರೆ ಲೀಟರು ರಕ್ತವಿರುವುದು. ಬೆಳಗ್ಗೆ ಹಸಿದ ಹೊಟ್ಟೆಯಲ್ಲಿ ಅದರ ನೂರು ಮಿಲಿಲೀಟರಿಗೆ ೭೦ರಿಂದ ೧೦೦ ಮಿಲಿಗ್ರಾಂ ಗ್ಲೂಕೋಸು ಇರುವುದು ಸಹಜ. ಲೆಕ್ಕ ಹಾಕಿದರೆ ಇಡೀ ರಕ್ತದಲ್ಲಿ ಇರುವುದು ಒಂದು ಗ್ರಾಂ ಚಿಲ್ಲರೆ. ಚಹಾ ಚಮಚೆಯ ಕಾಲು ಭಾಗ! ಇಷ್ಟು ಸಣ್ಣ ಮೊತ್ತವನ್ನು ಹಗಲು ರಾತ್ರಿ ಒಂದೇ ಮಟ್ಟದಲ್ಲಿ ಕಾಯ್ದುಕೊಂಡು ಬರುವುದು ದೇಹದ ದೊಡ್ಡ ಕೆಲಸಗಳಲ್ಲೊಂದು. ಊಟದ ನಂತರ ಗ್ಲೂಕೋಸು ಏರಿದೊಡನೆ ಮೇದೋಜೀರಕ ಗ್ರಂಥಿಯು ಇನ್ಸುಲಿನ್ ಎಂಬ ರಸವನ್ನು ಸುರಿಸಿ, ಸ್ನಾಯುಗಳಿಗೂ ಕೊಬ್ಬಿಗೂ "ಬಾಗಿಲು ತೆರೆಯಿರಿ" ಎಂದು ಆಜ್ಞೆ ಕಳುಹಿಸುವುದು. ಹಸಿವಿನ ಹೊತ್ತಿನಲ್ಲಿ ಯಕೃತ್ತು ತಾನು ಕೂಡಿಟ್ಟ ಉಗ್ರಾಣದಿಂದ ಗ್ಲೂಕೋಸನ್ನು ಅಳೆದಳೆದು ಬಿಡುವುದು.

ಈ ವಿಚಾರದಲ್ಲಿ ಮಕ್ಕಳು ಸಣ್ಣ ಅಳತೆಯ ದೊಡ್ಡವರಲ್ಲ. ಅವರ ಮಿದುಳು ಅವರ ಮೈಗಿಂತ ಮುಂದೆ ಬೆಳೆದಿರುವುದು. ಅದು ಬೇಡುವುದು ಬಹುಮಟ್ಟಿಗೆ ಗ್ಲೂಕೋಸನ್ನೇ. ಐದು ವರ್ಷದ ವೇಳೆಗೆ ಮಗುವಿನ ದೇಹವು ದಿನವೊಂದಕ್ಕೆ ಖರ್ಚು ಮಾಡುವ ಶಕ್ತಿಯಲ್ಲಿ ನೂರಕ್ಕೆ ೪೩ ಪಾಲನ್ನು ಮಿದುಳೊಂದೇ ನುಂಗುವುದೆಂದು ಅಮೆರಿಕದ ವಿದ್ವಾಂಸರು ೨೦೧೪ರಲ್ಲಿ ಲೆಕ್ಕ ಹಾಕಿ ತೋರಿಸಿದರು. ಯಕೃತ್ತಿನ ಉಗ್ರಾಣವಾದರೋ ಚಿಕ್ಕದು. ಆದುದರಿಂದಲೇ ಎರಡು ಮೂರು ವರ್ಷದ ಕೆಲವು ಮಕ್ಕಳು ಜ್ವರ ಬಂದು ರಾತ್ರಿ ಉಣ್ಣದೆ ಮಲಗಿದರೆ ಬೆಳಗಿನ ಜಾವ ರಕ್ತದ ಸಕ್ಕರೆ ಇಳಿದು ಮಂಕಾಗಿ ಏಳುವುದುಂಟು. ಮಕ್ಕಳಿಗೆ ಗ್ಲೂಕೋಸು ಬೇಕು, ಸಂದೇಹವಿಲ್ಲ. ಆದರೆ ಅದಕ್ಕೆ ಸಿಹಿ ತಿನ್ನಬೇಕಾದ ಅಗತ್ಯವಿಲ್ಲ. ಅನ್ನವೂ ಮುದ್ದೆಯೂ ಚಪಾತಿಯೂ ಅದನ್ನೇ ನಿಧಾನವಾಗಿ ಒದಗಿಸುವುವು.

ಈಗ ಫ್ರಕ್ಟೋಸಿನ ಕಥೆಗೆ ಬರೋಣ. ಸಕ್ಕರೆಯ ವಿಷಯದಲ್ಲಿ ಬಹಳ ಮಂದಿ ಮೋಸಹೋಗುವ ಸ್ಥಳ ಇದೇ. ಫ್ರಕ್ಟೋಸು ರಕ್ತದ ಗ್ಲೂಕೋಸನ್ನು ಅಷ್ಟಾಗಿ ಏರಿಸುವುದಿಲ್ಲ. ೧೯೮೧ರಲ್ಲಿ ಟೊರಾಂಟೋ ನಗರದ ಡೇವಿಡ್ ಜೆಂಕಿನ್ಸರು ಆಹಾರಗಳನ್ನು ಅವು ರಕ್ತದ ಸಕ್ಕರೆಯನ್ನು ಏರಿಸುವ ವೇಗಕ್ಕೆ ಅನುಸಾರವಾಗಿ ಕ್ರಮಪಡಿಸಿದಾಗ, ಗ್ಲೂಕೋಸನ್ನು ನೂರೆಂದು ಇಟ್ಟುಕೊಂಡರೆ ಕಬ್ಬಿನ ಸಕ್ಕರೆ ಅರುವತ್ತರ ಆಚೀಚೆ, ಫ್ರಕ್ಟೋಸು ಇಪ್ಪತ್ತರ ಸುಮಾರಿಗೆ ನಿಂತಿತು. ಇದನ್ನು ಓದಿದವರು, "ಆಹಾ, ಫ್ರಕ್ಟೋಸು ಸಾಧುಪ್ರಾಣಿ" ಎಂದು ತೀರ್ಮಾನಿಸಿದರು. ಬೆರಳನ್ನು ಚುಚ್ಚಿ ನೋಡುವ ಯಂತ್ರಕ್ಕೆ ಫ್ರಕ್ಟೋಸು ಕಾಣಿಸುವುದೇ ಇಲ್ಲ. ಅದು ಅಳೆಯುವುದು ಗ್ಲೂಕೋಸನ್ನು ಮಾತ್ರ. ಕಳ್ಳನು ಕಾವಲುಗಾರನ ಕಣ್ಣಿಗೆ ಬೀಳಲಿಲ್ಲವೆಂದ ಮಾತ್ರಕ್ಕೆ ಮನೆಗೆ ಕಳ್ಳನೇ ಬರಲಿಲ್ಲವೆಂದು ಹೇಳಬಹುದೆ?

ಫ್ರಕ್ಟೋಸು ಹೋಗುವುದೆಲ್ಲಿಗೆ? ಸ್ವಲ್ಪವಿದ್ದರೆ ಸಣ್ಣ ಕರುಳೇ ಅದನ್ನು ಪರಿವರ್ತಿಸಿಬಿಡುವುದೆಂದು ೨೦೧೮ರಲ್ಲಿ ಇಲಿಗಳ ಮೇಲೆ ನಡೆದ ಪ್ರಯೋಗಗಳಿಂದ ತಿಳಿದುಬಂದಿದೆ. ಒಂದೇ ಸಲಕ್ಕೆ ಬಹಳ ಬಂದರೆ ಕರುಳಿನ ಶಕ್ತಿ ಮೀರಿ, ಉಳಿದುದು ನೇರವಾಗಿ ಯಕೃತ್ತಿಗೆ ನುಗ್ಗುವುದು. ಗ್ಲೂಕೋಸು ಯಕೃತ್ತಿಗೆ ಬಂದಾಗ "ಇನ್ನು ಸಾಕು" ಎಂದು ತಡೆಯುವ ಒಂದು ಏರ್ಪಾಡಿದೆ. ಫ್ರಕ್ಟೋಸಿಗೆ ಆ ತಡೆ ಇಲ್ಲ. ಬಂದುದೆಲ್ಲವನ್ನೂ ಯಕೃತ್ತು ಆತುರಾತುರವಾಗಿ ಕೈಗೆತ್ತಿಕೊಂಡು, ಮಿಕ್ಕುದನ್ನು ಕೊಬ್ಬಾಗಿ ಮಾಡಿ, ಕೆಲವನ್ನು ರಕ್ತಕ್ಕೆ ಬಿಟ್ಟು, ಕೆಲವನ್ನು ತನ್ನಲ್ಲಿಯೇ ಇಟ್ಟುಕೊಳ್ಳುವುದು. ಈ ಆತುರದಲ್ಲಿ ಯೂರಿಕ್ ಆಮ್ಲವೂ ಹೆಚ್ಚುವುದು. ಕೊಬ್ಬು ತುಂಬಿದ ಯಕೃತ್ತು ಇನ್ಸುಲಿನ್ನಿನ ಮಾತನ್ನು ಸರಿಯಾಗಿ ಕೇಳುವುದಿಲ್ಲ. ಆಗ ಅದೇ ಕೆಲಸಕ್ಕೆ ಹೆಚ್ಚು ಇನ್ಸುಲಿನ್ ಬೇಕಾಗುವುದು. ಮಧುಮೇಹದ ಹೊಸ್ತಿಲೆಂದು ನಾವು ಆಗಲೇ ಹೇಳಿದ್ದಕ್ಕೆ ಹೋಗುವ ದಾರಿಗಳಲ್ಲಿ ಇದೊಂದು.

ಸ್ಯಾನ್‌ಫ್ರಾನ್ಸಿಸ್ಕೋ ನಗರದ ರಾಬರ್ಟ್ ಲಸ್ಟಿಗ್ ಮತ್ತು ಅವರ ಸಹೋದ್ಯೋಗಿಗಳು ಸ್ಥೂಲಕಾಯದ ನಲವತ್ತಕ್ಕೂ ಮೇಲ್ಪಟ್ಟ ಮಕ್ಕಳಿಗೆ ಒಂಬತ್ತು ದಿನಗಳ ಕಾಲ ತಾವೇ ಊಟ ಒದಗಿಸಿದರು. ಒಟ್ಟು ಆಹಾರದ ಶಕ್ತಿಯನ್ನು ಕಡಿಮೆ ಮಾಡಲಿಲ್ಲ. ಸಕ್ಕರೆಯಿಂದ ಬರುತ್ತಿದ್ದ ಪಾಲನ್ನು ನೂರಕ್ಕೆ ೨೮ರಿಂದ ೧೦ಕ್ಕೆ ಇಳಿಸಿ, ಆ ಜಾಗದಲ್ಲಿ ಪಿಷ್ಟವನ್ನು ಇಟ್ಟರು. ಒಂಬತ್ತೇ ದಿನಗಳಲ್ಲಿ ಯಕೃತ್ತಿನ ಕೊಬ್ಬು ನೂರಕ್ಕೆ ೭ರಷ್ಟಿದ್ದದ್ದು ೪ರೊಳಕ್ಕೆ ಇಳಿಯಿತು. ರಕ್ತದ ಕೊಬ್ಬೂ ತಗ್ಗಿತು. ಈ ಪ್ರಯೋಗದಲ್ಲಿ ಹೋಲಿಕೆಗಾಗಿ ಇನ್ನೊಂದು ಗುಂಪಿರಲಿಲ್ಲವೆಂಬ ಕೊರತೆಯುಂಟು. ಅದನ್ನು ವೇದವಾಕ್ಯವೆಂದು ನಾವು ಹಿಡಿಯುವುದಿಲ್ಲ. ಆದರೂ ಇಷ್ಟು ಕಡಿಮೆ ಕಾಲದಲ್ಲಿ ಮಕ್ಕಳ ಯಕೃತ್ತು ಚೇತರಿಸಿಕೊಂಡಿತೆಂಬುದು ಆಶಾದಾಯಕವಾದ ಸಂಗತಿ.

"ಹಾಗಾದರೆ ಹಣ್ಣಿನಲ್ಲಿಯೂ ಫ್ರಕ್ಟೋಸಿದೆ, ಹಣ್ಣನ್ನೂ ಬಿಡಬೇಕೆ?" ಎಂದು ತಾವು ಕೇಳುವಿರಿ. ಬಿಡಬೇಕಾಗಿಲ್ಲ. ೧೯೭೭ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದ ಹೀಟನ್ ಮತ್ತು ಅವರ ಸಂಗಡಿಗರು ಆರೋಗ್ಯವಂತರಾದ ಹತ್ತು ಜನರಿಗೆ ಸೇಬನ್ನು ಮೂರು ರೂಪದಲ್ಲಿ ಕೊಟ್ಟು ನೋಡಿದರು: ಇಡಿಯ ಹಣ್ಣು, ಅರೆದ ಹಣ್ಣು, ಹಿಂಡಿದ ರಸ. ಮೂರರಲ್ಲಿಯೂ ಸಕ್ಕರೆಯ ಪ್ರಮಾಣ ಸಮವಾಗಿಯೇ ಇದ್ದಿತು. ರಸವು ಇಡಿಯ ಹಣ್ಣಿಗಿಂತ ಹನ್ನೊಂದು ಪಟ್ಟು ಬೇಗ ಗಂಟಲಿನಿಂದ ಇಳಿದುಹೋಯಿತು. ರಸ ಕುಡಿದವರಲ್ಲಿ ಇನ್ಸುಲಿನ್ ಹೆಚ್ಚು ಏರಿತು. ಸ್ವಲ್ಪ ಹೊತ್ತಿಗೆ ರಕ್ತದ ಸಕ್ಕರೆ ಮೊದಲಿಗಿಂತ ಕೆಳಕ್ಕೆ ಕುಸಿಯಿತು. ಹಣ್ಣು ತಿಂದವರಲ್ಲಿ ಈ ಕುಸಿತ ಕಾಣಲಿಲ್ಲ. ಹೊಟ್ಟೆ ತುಂಬಿದ ತೃಪ್ತಿಯೂ ಅವರಿಗೇ ಹೆಚ್ಚು. ಹಣ್ಣು ಒಂದೇ, ಸಕ್ಕರೆ ಒಂದೇ, ಆದರೆ ನಾರು ಮುರಿದು ಹೋದೊಡನೆ ಸಕ್ಕರೆಯ ನಡೆ ಬದಲಾಯಿಸಿತು. ಕಬ್ಬಿನ ಜಲ್ಲೆಯನ್ನು ಹಲ್ಲಿನಿಂದ ಸಿಗಿದು ಜಗಿಯುವ ಹುಡುಗನಿಗೆ ಒಂದು ಗೇಣು ಮುಗಿಸುವಷ್ಟರಲ್ಲಿ ದವಡೆ ಸೋತುಹೋಗುವುದು. ಅದೇ ಕಬ್ಬನ್ನು ಗಾಣಕ್ಕೆ ಕೊಟ್ಟು, ನಿಂಬೆ ಶುಂಠಿ ಹಾಕಿ ಹಿಂಡಿಸಿ, ಲೋಟಕ್ಕೆ ಸುರಿದರೆ ಎರಡು ನಿಮಿಷದಲ್ಲಿ ಖಾಲಿ. ಇನ್ನೂರು ಮಿಲಿಲೀಟರು ಕಬ್ಬಿನ ಹಾಲಿನಲ್ಲಿ ಇಪ್ಪತ್ತರಿಂದ ಮೂವತ್ತು ಗ್ರಾಂ ಸಕ್ಕರೆಯಿರುವುದು. ಎಂದರೆ ನಾಲ್ಕರಿಂದ ಆರು ಚಹಾ ಚಮಚೆ. ಅದರ ಅರ್ಧ ಗ್ಲೂಕೋಸೆಂದರೂ, ಆ ಒಂದನೆಯ ತರಗತಿಯ ಮಗುವಿನ ಇಡೀ ರಕ್ತದಲ್ಲಿರುವುದರ ಏಳೆಂಟರಷ್ಟಾದರೂ ಆಯಿತು. ಇನ್ನರ್ಧ ಯಕೃತ್ತಿನ ಪಾಲು. ಬಣ್ಣದ ನೀರಿನ ಬಾಟಲಿಗಳ ಲೆಕ್ಕವೂ ಹೀಗೆಯೇ. ಕಬ್ಬಿನ ಹಾಲು ನಮ್ಮದು, ಬಾಟಲಿ ಪರದೇಶದ್ದು ಎಂಬ ಅಭಿಮಾನವನ್ನು ಯಕೃತ್ತು ಎಣಿಕೆಗೆ ತೆಗೆದುಕೊಳ್ಳುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯವರು ೨೦೧೫ರಲ್ಲಿ, ಹೊರಗಿನಿಂದ ಬೆರೆಸಿದ ಸಕ್ಕರೆಯೊಡನೆ ಜೇನುತುಪ್ಪ, ಪಾನಕ, ಹಣ್ಣಿನ ರಸಗಳಲ್ಲಿನ ಸಕ್ಕರೆಯನ್ನೂ ಒಂದೇ ಗುಂಪಿಗೆ ಸೇರಿಸಿ, ಇವೆಲ್ಲವೂ ಕೂಡಿ ದಿನದ ಆಹಾರಶಕ್ತಿಯ ಹತ್ತನೆಯ ಒಂದು ಪಾಲನ್ನು ಮೀರಕೂಡದೆಂದೂ, ಇಪ್ಪತ್ತನೆಯ ಒಂದು ಪಾಲಿನಲ್ಲಿ ನಿಂತರೆ ಇನ್ನೂ ಲೇಸೆಂದೂ ಹೇಳಿದರು. ಏಳು ವರ್ಷದ ಮಗುವಿಗೆ ಇದು ಹೆಚ್ಚೆಂದರೆ ಏಳು ಚಮಚೆ. ನಾಲ್ಕು ಚಮಚೆಯಾದರೆ ಉತ್ತಮ. ಇಡಿಯ ಹಣ್ಣನ್ನೂ ಹಾಲನ್ನೂ ಅವರು ಈ ಲೆಕ್ಕಕ್ಕೆ ಸೇರಿಸಲಿಲ್ಲ. ೨೦೨೫ರ ಮೇ ತಿಂಗಳಿನಲ್ಲಿ ಕೇಂದ್ರೀಯ ಮಾಧ್ಯಮಿಕ ಶಿಕ್ಷಣ ಮಂಡಲಿಯು ತನ್ನ ಶಾಲೆಗಳೆಲ್ಲವೂ "ಸಕ್ಕರೆ ಫಲಕ"ಗಳನ್ನು ತೂಗುಹಾಕಬೇಕೆಂದು ಸುತ್ತೋಲೆ ಕಳುಹಿಸಿತು. ಯಾವ ತಿಂಡಿಯಲ್ಲಿ, ಯಾವ ಪಾನೀಯದಲ್ಲಿ ಎಷ್ಟು ಸಕ್ಕರೆಯೆಂಬುದನ್ನು ಮಕ್ಕಳ ಕಣ್ಣಿಗೆ ಕಾಣುವಂತೆ ಬರೆಯಿಸುವುದು ಅದರ ಉದ್ದೇಶ. ಒಳ್ಳೆಯ ಕೆಲಸ. ಫಲಕದ ಕೆಳಗೆ ಬಾಟಲಿಯ ವ್ಯಾಪಾರ ನಡೆಯದಿದ್ದರೆ ಇನ್ನೂ ಒಳ್ಳೆಯದು.

ಸರ್ಕಾರಿ ಶಾಲೆಗಳಲ್ಲಿ ನಡೆದ ಇನ್ನೊಂದು ಬದಲಾವಣೆಯ ವಿಷಯದಲ್ಲಿ ಮಾತ್ರ ನಮಗೆ ಪೂರ್ತಿ ಸಮಾಧಾನವಿಲ್ಲ. ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಯ ಹಣ್ಣನ್ನೋ ಕಡಲೆಕಾಯಿಯ ಚಿಕ್ಕಿಯನ್ನೋ ಕೊಡುವ ಪದ್ಧತಿ ರಾಜ್ಯದಲ್ಲಿ ಇದ್ದಿತು. ೨೦೨೫ರ ಜನವರಿಯಲ್ಲಿ ಶಿಕ್ಷಣ ಇಲಾಖೆಯವರು ಚಿಕ್ಕಿಯನ್ನು ನಿಲ್ಲಿಸಿದರು. ಅದರಲ್ಲಿ ಕೊಬ್ಬೂ ಸಕ್ಕರೆಯೂ ಹೆಚ್ಚೆಂಬುದು ಒಂದು ಕಾರಣ. ಕೆಟ್ಟುಹೋದ ಚಿಕ್ಕಿಯನ್ನು ಹಂಚುವುದಕ್ಕಿಂತ ನಿಲ್ಲಿಸುವುದು ಸರಿಯೇ. ಆದರೆ ಸಕ್ಕರೆಯ ದೃಷ್ಟಿಯಿಂದ ನೋಡಿದರೆ ಚಿಕ್ಕಿಯು ಅಷ್ಟೊಂದು ಪಾಪಿಯಲ್ಲ. ಕಡಲೆಕಾಯಿಯ ಎಣ್ಣೆ, ಸಸಾರಜನಕ, ನಾರು ಇವು ಹೊಟ್ಟೆಯ ಬಾಗಿಲಲ್ಲಿ ನಿಂತು ಬೆಲ್ಲವನ್ನು ಸ್ವಲ್ಪಸ್ವಲ್ಪವಾಗಿ ಕರುಳಿಗೆ ಬಿಡುವುವು. ಹಬ್ಬದ ತಟ್ಟೆಯಲ್ಲಿ ಎಳ್ಳು, ಕೊಬ್ಬರಿಗಳು ಬೆಲ್ಲದ ಚೂರಿಗೆ ಮಾಡುವ ಉಪಕಾರವೂ ಅದೇ. ಬೆಲ್ಲ ಅಚ್ಚಿಗಿಂತ ಸೌಮ್ಯವಾಗಿ ನಡೆದುಕೊಂಡರೆ ಅದು ಬೆಲ್ಲದ ಗುಣವಲ್ಲ, ಸಹವಾಸದ ಗುಣ. ಆ ಅಚ್ಚನ್ನೇ ಪುಡಿಮಾಡಿ ಎಳ್ಳಿನೊಡನೆ ಬೆರೆಸಿ ಅಷ್ಟೇ ಪ್ರಮಾಣದಲ್ಲಿ ತಿಂದರೂ ರಕ್ತಕ್ಕೆ ಹೆಚ್ಚಿನ ವ್ಯತ್ಯಾಸ ತಿಳಿಯದು. ಹಲ್ಲಿಗೆ ಅಂಟುವ ದೋಷವೊಂದು ಚಿಕ್ಕಿಗೆ ಉಂಟು. ಬಾಯಿ ಮುಕ್ಕಳಿಸಿದರೆ ಅದಕ್ಕೂ ಪರಿಹಾರವಾದೀತು.

ಎಲ್ಲ ಸಕ್ಕರೆಗಳಲ್ಲಿಯೂ ಮಗುವಿಗೆ ಮೊದಲು ಪರಿಚಯವಾಗುವುದು ಹಾಲಿನ ಸಕ್ಕರೆ. ತಾಯಿಯ ಹಾಲಿನಲ್ಲಿ ನೂರಕ್ಕೆ ಏಳು ಪಾಲು ಅದೇ ಇರುವುದು. ಹಸುವಿನ ಹಾಲಿನಲ್ಲಿ ಐದರ ಒಳಗೆ. ಅದರಲ್ಲಿ ಫ್ರಕ್ಟೋಸಿಲ್ಲ. ಗ್ಲೂಕೋಸು ಮಿದುಳಿಗೂ ಮೈಗೂ ಹೋದರೆ, ಗ್ಯಾಲಾಕ್ಟೋಸನ್ನು ಯಕೃತ್ತು ನಿಧಾನವಾಗಿ ಗ್ಲೂಕೋಸಾಗಿ ಮಾರ್ಪಡಿಸುವುದು. ಪ್ರಕೃತಿಯು ಶಿಶುವಿಗೆಂದು ಆರಿಸಿದ ಸಕ್ಕರೆ ಬಹು ಸಿಹಿಯಾದುದಲ್ಲವೆಂಬುದನ್ನು ಗಮನಿಸಬೇಕು. ಕಬ್ಬಿನ ಸಕ್ಕರೆಯ ಕಾಲು ಪಾಲಿನಷ್ಟು ಸಿಹಿಯೂ ಅದಕ್ಕಿಲ್ಲ. ಆದರೆ ನಮ್ಮ ಅನೇಕ ಮನೆಗಳಲ್ಲಿ ಹುಟ್ಟಿದ ಕೂಸಿಗೆ ಮೊದಲು ನೆಕ್ಕಿಸುವುದು ಜೇನುತುಪ್ಪವನ್ನು. ಹಿರಿಯರ ಪ್ರೀತಿ ದೊಡ್ಡದು. ಆದರೂ ವರ್ಷ ತುಂಬದ ಶಿಶುವಿಗೆ ಜೇನುತುಪ್ಪ ಕೂಡದು. ಅದರಲ್ಲಿರಬಹುದಾದ ಒಂದು ಸೂಕ್ಷ್ಮಜೀವಿಯ ಬೀಜಾಣು ಎಳೆಯ ಕರುಳಿನಲ್ಲಿ ಮೊಳೆತು ವಿಷವನ್ನುಂಟುಮಾಡಿ ಸ್ನಾಯುಗಳನ್ನು ಸೋಲಿಸಬಲ್ಲುದು. ಇದು ಸಕ್ಕರೆಗೆ ಸಂಬಂಧಿಸಿದ ಅಪಾಯವಲ್ಲ. ಪ್ರಸಂಗ ಬಂದುದರಿಂದ ಹೇಳಿದೆವು.

ಎರಡು ವರ್ಷದವರೆಗೆ ಮಕ್ಕಳಿಗೆ ಬೆರೆಸಿದ ಸಕ್ಕರೆಯೇ ಬೇಡವೆಂಬುದು ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರ ಅಭಿಪ್ರಾಯ. "ಎಲ್ಲಿಯಾದರೂ ಉಂಟೆ! ಹಾಲಿಗೆ ಸಕ್ಕರೆ ಹಾಕದಿದ್ದರೆ ಕುಡಿಯುವುದು ಹೇಗೆ?" ಎಂದು ಅಜ್ಜಿಯರು ಕೇಳುವರು. ಅವರಿಗೆ ಒಂದು ಇತಿಹಾಸವನ್ನು ಹೇಳಬೇಕಾಗಿದೆ. ಎರಡನೆಯ ಮಹಾಯುದ್ಧದ ಕಾಲದಿಂದ ಬ್ರಿಟನ್ನಿನಲ್ಲಿ ಸಕ್ಕರೆ ಪಡಿತರದಲ್ಲಿ ಸಿಕ್ಕುತ್ತಿತ್ತು. ದೊಡ್ಡವರಿಗೆ ದಿನಕ್ಕೆ ಸುಮಾರು ನಲವತ್ತು ಗ್ರಾಂ ಆದರೆ, ಎರಡು ವರ್ಷದೊಳಗಿನ ಮಕ್ಕಳಿಗೆ ಅದರ ಪಾಲೇ ಇರಲಿಲ್ಲ. ೧೯೫೩ರ ಸೆಪ್ಟೆಂಬರಿನಲ್ಲಿ ಪಡಿತರ ಮುಗಿಯಿತು. ಜನರು ತಿನ್ನುವ ಸಕ್ಕರೆ ಬಲುಬೇಗ ಎರಡರಷ್ಟಕ್ಕೆ ಸಮೀಪಿಸಿತು. ಆ ಗಡಿಯ ಈಚೆಗೂ ಆಚೆಗೂ ಹುಟ್ಟಿದ ಅರುವತ್ತು ಸಾವಿರ ಜನರ ಆರೋಗ್ಯದ ದಾಖಲೆಗಳನ್ನು ಗ್ರಾಕ್ನರ್, ಬೂನ್, ಗರ್ಟ್ಲರ್ ಎಂಬ ಮೂವರು ವಿದ್ವಾಂಸರು ಪರಿಶೀಲಿಸಿ ೨೦೨೪ರಲ್ಲಿ ಪ್ರಕಟಿಸಿದರು. ಗರ್ಭದಲ್ಲಿದ್ದಾಗಲೂ ಮೊದಲ ವರ್ಷಗಳಲ್ಲಿಯೂ ಪಡಿತರದ ಕಾಲವನ್ನು ಕಳೆದವರಿಗೆ, ಮುಂದೆ ನಡುವಯಸ್ಸಿನಲ್ಲಿ ಮಧುಮೇಹ ಬರುವ ಸಂಭವ ಸುಮಾರು ನೂರಕ್ಕೆ ೩೫ರಷ್ಟೂ, ರಕ್ತದ ಒತ್ತಡ ಬರುವ ಸಂಭವ ೨೦ರಷ್ಟೂ ಕಡಿಮೆಯಾಗಿದ್ದಿತು. ಯಾವ ವೈದ್ಯನೂ ಮಕ್ಕಳ ಮೇಲೆ ಇಂತಹ ಪ್ರಯೋಗವನ್ನು ಬೇಕೆಂದು ಮಾಡಲಾರನು. ಯುದ್ಧವು ತಾನಾಗಿಯೇ ಮಾಡಿಹೋಯಿತು. ಸಕ್ಕರೆಯಿಲ್ಲದ ಹಾಲನ್ನು ಆ ಮಕ್ಕಳು ಕುಡಿದೇ ಬೆಳೆದರು.

ಇದರ ಜೊತೆಗೆ ಒಂದು ತಪ್ಪು ಆಪಾದನೆಯಿಂದಲೂ ಸಕ್ಕರೆಯನ್ನು ಬಿಡಿಸಬೇಕಾಗಿದೆ. ಹುಟ್ಟುಹಬ್ಬದ ಮನೆಯಲ್ಲಿ ಕೇಕು ತಿಂದ ಮಕ್ಕಳು ಸೋಫಾದ ಮೇಲೆ ಕುಣಿದಾಗ "ಸಕ್ಕರೆ ತಲೆಗೇರಿತು" ಎನ್ನುವರು. ೧೯೯೪ರಲ್ಲಿ ಅಮೆರಿಕದ ವುಲ್‌ರೈಕ್ ಮತ್ತಿತರರು ಮಕ್ಕಳಿಗೆ ಕೆಲವು ವಾರ ಸಕ್ಕರೆಯ ಆಹಾರ, ಕೆಲವು ವಾರ ಕೃತಕ ಸಿಹಿಯ ಆಹಾರ ಕೊಟ್ಟು, ಯಾವುದು ಯಾವಾಗ ಎಂಬುದನ್ನು ಯಾರಿಗೂ ತಿಳಿಸದೆ ನೋಡಿದರು. ನಡತೆಯಲ್ಲಿ ಭೇದ ಕಾಣಲಿಲ್ಲ. ಅದೇ ವರ್ಷ ಬೇರೊಂದು ಪ್ರಯೋಗದಲ್ಲಿ, ಸಕ್ಕರೆಯೇ ಇಲ್ಲದ ಪಾನೀಯವನ್ನು ಹುಡುಗರಿಗೆ ಕುಡಿಸಿ, ತಾಯಂದಿರಲ್ಲಿ ಕೆಲವರಿಗೆ "ಸಕ್ಕರೆ ಕೊಟ್ಟಿದ್ದೇವೆ" ಎಂದು ಹೇಳಿದರು.  ಆ ತಾಯಂದಿರ ಕಣ್ಣಿಗೆ ತಮ್ಮ ಮಕ್ಕಳು ಮಿತಿಮೀರಿ ಚೇಷ್ಟೆ ಮಾಡುತ್ತಿರುವಂತೆ ಕಂಡಿತು! ಹತ್ತು ಮಕ್ಕಳು ಒಂದೆಡೆ ಸೇರಿದರೆ ಬರಿಯ ನೀರು ಕುಡಿದರೂ ಕುಣಿಯುವರು.

ಇಲ್ಲಿಯವರೆಗೆ ಸಕ್ಕರೆಯ ಜಾತಿಗಿಂತ ಅದರ ಪ್ರಮಾಣವೂ ವೇಗವೂ ಮುಖ್ಯವೆಂದು ಹೇಳುತ್ತ ಬಂದೆವು. ಜಾತಿಯೇ ಪ್ರಾಣದ ಪ್ರಶ್ನೆಯಾಗುವ ಸಂದರ್ಭಗಳು ಎರಡಿವೆ. ಅವನ್ನು ಮನೆಯಲ್ಲಿ ಪ್ರತಿಯೊಬ್ಬರೂ ತಿಳಿದಿರಬೇಕಾದುದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇವೆ.

ಮೊದಲನೆಯದು ವಾಂತಿ ಭೇದಿ. ಕರುಳಿನ ಗೋಡೆಯಲ್ಲಿ ಗ್ಲೂಕೋಸನ್ನೂ ಉಪ್ಪಿನ ಸೋಡಿಯಮ್ಮನ್ನೂ ಜೊತೆಯಾಗಿ ಒಳಕ್ಕೆ ಸೆಳೆಯುವ ಒಂದು ದ್ವಾರವಿದೆ. ಇವೆರಡರ ಹಿಂದೆಯೇ ನೀರೂ ಒಳಕ್ಕೆ ಹೋಗುವುದು. ಭೇದಿಯಾಗುತ್ತಿರುವಾಗಲೂ ಈ ದ್ವಾರ ಮುಚ್ಚುವುದಿಲ್ಲ. ಫ್ರಕ್ಟೋಸಿಗೆ ಇರುವ ಬಾಗಿಲು ಬೇರೆ; ಅದು ಸೋಡಿಯಮ್ಮನ್ನು ಕರೆದೊಯ್ಯುವುದಿಲ್ಲ. ೧೯೭೧ರಲ್ಲಿ ಬಾಂಗ್ಲಾದ ನಿರಾಶ್ರಿತರು ಬಂಗಾಳದ ಬನಗಾಂವಿಗೆ ಬಂದು ತುಂಬಿ ಕಾಲರಾ ಹಬ್ಬಿದಾಗ, ವೈದ್ಯ ದಿಲೀಪ್ ಮಹಾಲನಬೀಸರು ಗ್ಲೂಕೋಸು, ಉಪ್ಪು, ಸೋಡಾಗಳನ್ನು ನೀರಿನಲ್ಲಿ ಕರಗಿಸಿ ಪೀಪಾಯಿಗಳಲ್ಲಿಟ್ಟು, ರೋಗಿಗಳ ಬಂಧುಗಳ ಕೈಯಿಂದಲೇ ಕುಡಿಸಿ ಸಾವಿರಾರು ಜನರನ್ನು ಉಳಿಸಿದುದು ಈ ದ್ವಾರದ ಬಲದಿಂದ. ಇಂದಿನ ಓಆರ್‌ಎಸ್ ಪೊಟ್ಟಣವನ್ನು ಒಂದು ಲೀಟರು ನೀರಿಗೆ ಹಾಕಿದರೆ ಅದರಲ್ಲಿ ೧೩.೫ ಗ್ರಾಂ ಗ್ಲೂಕೋಸು, ೨.೬ ಗ್ರಾಂ ಉಪ್ಪು, ಇನ್ನೆರಡು ಲವಣಗಳು ಇರುವುವು. ಈ ಪ್ರಮಾಣ ಅಳೆದು ತೂಗಿ ಇಟ್ಟುದು. ಇದಕ್ಕಿಂತ ಬಹಳ ಸಿಹಿಯಾದುದನ್ನು ಕುಡಿಸಿದರೆ ಸಕ್ಕರೆಯು ಮೈಯ ನೀರನ್ನೇ ಕರುಳಿಗೆ ಸೆಳೆದು ಭೇದಿಯನ್ನು ಹೆಚ್ಚಿಸುವುದು. ಹೆಸರಿನಲ್ಲಿ ಮಾತ್ರ ಓಆರ್‌ಎಸ್ ಎಂದಿದ್ದು ಒಳಗೆ ಸಿಹಿಯ ಷರಬತ್ತಾಗಿದ್ದ ಡಬ್ಬಿಗಳು ಬಹುಕಾಲ ಔಷಧದ ಅಂಗಡಿಗಳಲ್ಲಿ ಮಾರಾಟವಾಗುತ್ತಿದ್ದುವು. ಹೈದರಾಬಾದಿನ ಮಕ್ಕಳ ವೈದ್ಯೆ ಶಿವರಂಜನಿ ಸಂತೋಷ್ ಅವರು ವರ್ಷಾನುಗಟ್ಟಲೆ ಹೋರಾಡಿದ ಮೇಲೆ, ೨೦೨೫ರ ಅಕ್ಟೋಬರಿನಲ್ಲಿ ಭಾರತದ ಆಹಾರ ಸುರಕ್ಷತಾ ಪ್ರಾಧಿಕಾರವು ಇಂತಹವುಗಳ ಮೇಲೆ ಆ ಹೆಸರನ್ನು ಹಾಕಕೂಡದೆಂದು ಆಜ್ಞೆ ಮಾಡಿತು. ಪೊಟ್ಟಣ ಸಿಕ್ಕದ ವೇಳೆಯಲ್ಲಿ, ಕಾಯಿಸಿ ಆರಿಸಿದ ಒಂದು ಲೀಟರು ನೀರಿಗೆ ಮಟ್ಟವಾಗಿ ಅಳೆದ ಆರು ಚಹಾ ಚಮಚೆ ಸಕ್ಕರೆ, ಅರ್ಧ ಚಮಚೆ ಉಪ್ಪು ಹಾಕಿ ಕೊಡಬಹುದು. ಅಲ್ಲಿ ಸಕ್ಕರೆಯ ಗ್ಲೂಕೋಸಿನ ಅರ್ಧವೇ ಆ ಕೆಲಸವನ್ನು ಮಾಡುವುದು.

ಎರಡನೆಯದು, ಇನ್ಸುಲಿನ್ ಚುಚ್ಚಿಸಿಕೊಳ್ಳುವ ಮಕ್ಕಳ ಸಂಗತಿ. ಇವರ ಮಧುಮೇಹ ಸಿಹಿ ತಿಂದುದರಿಂದ ಬಂದುದಲ್ಲ. ದೇಹದ ರಕ್ಷಣಾವ್ಯವಸ್ಥೆಯೇ ದಾರಿತಪ್ಪಿ ಇನ್ಸುಲಿನ್ ಮಾಡುವ ಜೀವಕೋಶಗಳನ್ನು ಕೊಂದುದರಿಂದ ಬಂದುದು. ತಾಯಿತಂದೆಯರ ಮೇಲೆ ಅದರ ಅಪವಾದವನ್ನು ಹೊರಿಸುವುದು ಅಜ್ಞಾನ, ಕ್ರೌರ್ಯ ಕೂಡ. ಇಂತಹ ಮಗು ಶಾಲೆಯಲ್ಲಿ ಆಟದ ನಂತರ ಬೆವರಿ, ನಡುಗಿ, ಬಿಳಿಚಿಕೊಂಡು, ಕೇಳಿದ್ದಕ್ಕೆ ತಡವರಿಸಿ ಉತ್ತರ ಹೇಳಿದರೆ ರಕ್ತದ ಸಕ್ಕರೆ ೭೦ಕ್ಕಿಂತ ಕೆಳಗಿಳಿದಿದೆಯೆಂದು ಉಪಾಧ್ಯಾಯರು ತಿಳಿಯಬೇಕು. ಆಗ ಮಗುವಿಗೆ ಬೇಕಾದುದು ಗ್ಲೂಕೋಸು, ಅದೂ ತಡವಿಲ್ಲದೆ. ತೂಕದ ಕಿಲೋ ಒಂದಕ್ಕೆ ಮೂರನೆಯ ಒಂದು ಗ್ರಾಮಿನಷ್ಟು ಸಾಕು; ಮೂವತ್ತು ಕಿಲೋದ ಮಗುವಿಗೆ ಒಂಬತ್ತು ಹತ್ತು ಗ್ರಾಂ, ಎಂದರೆ ಎರಡು ಚಮಚೆ ಗ್ಲೂಕೋಸಿನ ಪುಡಿಯನ್ನು ನೀರಿನಲ್ಲಿ ಕಲಸಿ ಕೊಡುವುದು. ಪುಡಿಯಿಲ್ಲದಿದ್ದರೆ ಸಕ್ಕರೆಯ ನೀರನ್ನು ಸ್ವಲ್ಪ ಹೆಚ್ಚಾಗಿ ಕೊಡಬಹುದು. ಅದರ ಅರ್ಧ ಫ್ರಕ್ಟೋಸಾದುದರಿಂದ ಆ ಪಾಲು ಈ ಹೊತ್ತಿನಲ್ಲಿ ಕೆಲಸಕ್ಕೆ ಬಾರದು. ಚಾಕೊಲೇಟು ಕೊಡುವುದು ಸಾಮಾನ್ಯವಾದ ತಪ್ಪು. ಅದರ ಕೊಬ್ಬು ಸಕ್ಕರೆಯನ್ನು ಹೊಟ್ಟೆಯಲ್ಲಿಯೇ ಹಿಡಿದು ನಿಲ್ಲಿಸುವುದು. ಚಿಕ್ಕಿಯನ್ನು ಹೊಗಳಿದೆವಷ್ಟೆ, ಅದೇ ಕಾರಣಕ್ಕಾಗಿ ಈಗ ಚಿಕ್ಕಿಯೂ ಬೇಡ. ಹದಿನೈದು ನಿಮಿಷಗಳಾದ ಮೇಲೆ ಬೆರಳು ಚುಚ್ಚಿ ನೋಡಿ, ಮಟ್ಟ ಏರದಿದ್ದರೆ ಇನ್ನೊಮ್ಮೆ ಅಷ್ಟನ್ನೇ ಕೊಡಬೇಕು. ಪ್ರಜ್ಞೆ ತಪ್ಪಿದ ಮಗುವಿನ ಬಾಯಿಗೆ ಏನನ್ನೂ ಹಾಕಕೂಡದು. ಪಕ್ಕಕ್ಕೆ ಮಗ್ಗುಲಾಗಿ ಮಲಗಿಸಿ ಕೂಡಲೇ ಆಸ್ಪತ್ರೆಗೆ ಒಯ್ಯಬೇಕು. ಎಚ್ಚರವಿದ್ದು ಚೇತರಿಸಿಕೊಂಡ ಮಗುವಿಗೆ, ಮುಂದಿನ ಊಟ ದೂರವಿದ್ದರೆ, ಒಂದು ಇಡ್ಲಿಯನ್ನೋ ಎರಡು ತುಂಡು ಬ್ರೆಡ್ಡನ್ನೋ ಕೊಟ್ಟು ಅರ್ಧ ಗಂಟೆ ಕುಳ್ಳಿರಿಸಿ, ಆ ಮೇಲೆ ತರಗತಿಗೆ ಕಳುಹಿಸಬಹುದು.